ವೈರಲ್ ನ್ಯುಮೋನಿಯಾ ಜೋರಾದಾಗ ಬ್ರಾಂಕೋಸ್ಕೋಪಿ: ನಮ್ಮ ಭಾಗದ ಐಸಿಯುಗಳಿಗೊಂದು ಸಮಗ್ರ ಮಾರ್ಗದರ್ಶಿ

ರಾತ್ರಿ ಹನ್ನೊಂದರ ಹೊತ್ತಿಗೆ ಯಾದಗಿರಿ ಕಡೆಯ ಕಿರಿಯ ಡಾಕ್ಟರೊಬ್ಬರು ಫೋನ್ ಮಾಡಿದರು. "ಸರ್, ಎಚ್1ಎನ್1 ಪೇಷಂಟ್. ವೆಂಟಿಲೇಟರ್ ಮೇಲೆ ಆರನೇ ದಿನ. ಆಕ್ಸಿಜನ್ 80 ಪರ್ಸೆಂಟ್ ಕೊಟ್ರೂ ಸ್ಯಾಚುರೇಶನ್ 90 ದಾಟವಲ್ದು. ಸ್ಕೋಪ್ ಹಾಕ್ಲೇನ್ರಿ?"

"ಹಾಕಿ ಏನು ಹುಡುಕ್ತೀರಿ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. (ಸ್ಕೋಪ್ ಅಂದರೆ ಬ್ರಾಂಕೋಸ್ಕೋಪ್, ತುದಿಗೆ ಕ್ಯಾಮೆರಾ ಇರುವ ಸಣ್ಣ ಪೈಪ್. ಅದನ್ನು ಶ್ವಾಸನಾಳಕ್ಕೆ ಬಿಟ್ಟು ನೋಡುವುದೇ ಬ್ರಾಂಕೋಸ್ಕೋಪಿ.)

ಆಮೇಲೆ ಕೇಳಿದೆ, ಉಸಿರಿನ ಟ್ಯೂಬಿನಿಂದ ಕಫ ತೆಗೆದು ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಿದ್ದೀರಾ ಅಂತ. ಕಳಿಸಿರಲಿಲ್ಲ. ಮರುದಿನ ಬೆಳಗ್ಗೆ ಕಳಿಸಿದರು. ಎರಡು ದಿನಕ್ಕೆ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಿತು, ಆಂಟಿಬಯಾಟಿಕ್ ಬದಲಾಯಿತು. ಸ್ಕೋಪ್ ಬೀರುವಿನಿಂದ ಹೊರಗೆ ಬರಲೇ ಇಲ್ಲ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಐಸಿಯು ನೋಡಿಕೊಳ್ಳುವ ಡಾಕ್ಟರುಗಳು, ಸಿಸ್ಟರ್‌ಗಳು, ಟೆಕ್ನಿಷಿಯನ್‌ಗಳಿಗಾಗಿ ಇದನ್ನು ಬರೆದಿದ್ದೇನೆ. ರೋಗಿಯ ಮನೆಯವರು ಓದಿದರೂ ಅರ್ಥವಾಗಲಿ ಅಂತ ಆದಷ್ಟು ಸರಳವಾಗಿ ಹೇಳುತ್ತೇನೆ. ಇದನ್ನು ಓದಿ ಯಾರೂ ಒಬ್ಬರೇ ಸ್ಕೋಪ್ ಹಿಡಿಯಬೇಡಿ. ಮೊದಲ ಇಪ್ಪತ್ತು ಮೂವತ್ತು ಕೇಸಿಗೆ ಕಲಿತವರು ಪಕ್ಕದಲ್ಲಿ ಇರಲೇಬೇಕು.

ಎರಡು ಕಾಲ, ಎರಡು ತಪ್ಪು

ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯವರದ್ದೇ. 2020ರ ಮಾರ್ಚ್ 10ರಂದು, 76 ವರ್ಷದ ಹಿರಿಯರು. ಆ ದಿನಗಳಲ್ಲಿ ಜಗತ್ತಿನಾದ್ಯಂತ ಶ್ವಾಸಕೋಶ ತಜ್ಞರು ಹೇಳುತ್ತಿದ್ದದ್ದು ಒಂದೇ ಮಾತು: ಕೋವಿಡ್ ರೋಗಿಗೆ ಬ್ರಾಂಕೋಸ್ಕೋಪಿ ಆದಷ್ಟು ಬೇಡ, ಕೆಮ್ಮಿನ ಹನಿಗಳು ಕೋಣೆಯೆಲ್ಲ ಹರಡುತ್ತವೆ. ಮಾತು ಸರಿ ಇತ್ತು. ಆದರೆ ಆ ಭಯದಲ್ಲಿ, ನಿಜವಾಗಿ ಬೇಕಾದವರಿಗೂ ಸ್ಕೋಪ್ ಸಿಗಲಿಲ್ಲ. ಕಫದ ಗಟ್ಟಿಯಿಂದ ಒಂದು ಇಡೀ ಶ್ವಾಸಕೋಶ ಮುಚ್ಚಿಹೋದವರನ್ನೂ ಸುಮ್ನೆ ನೋಡುತ್ತ ಕೂತೆವು.

ಆಮೇಲೆ ಕಾಲ ತಿರುಗಿತು. ಒಮ್ಮೆ ಬಳಸಿ ಬಿಸಾಡುವ ಸ್ಕೋಪ್‌ಗಳು ಬಂದವು, ಧೈರ್ಯ ಬಂತು. ಈಗ ಸ್ಯಾಚುರೇಶನ್ ಏರದ ಪ್ರತಿಯೊಬ್ಬರಿಗೂ 'ಒಂದ್ಸಲ ಹಾಕಿ ನೋಡೋಣ' ಅನ್ನುವವರಿದ್ದಾರೆ. ಇದೂ ತಪ್ಪು. ವೈರಸ್ಸಿನಿಂದ ಊದಿಕೊಂಡ ಶ್ವಾಸಕೋಶದೊಳಗೆ ಸ್ಕೋಪಿಗೆ ಕಾಣುವುದು ಕೆಂಪಾದ ನಳಿಗೆಗಳು, ಅಷ್ಟೇ. ಕಾಯಿಲೆ ಇರುವುದು ಗಾಳಿಚೀಲಗಳಲ್ಲಿ. ಅಲ್ಲಿಗೆ ಸ್ಕೋಪ್ ಮುಟ್ಟುವುದಿಲ್ಲ.

ಸ್ಕೋಪಿಗಿಂತ ಮೊದಲು

ಮೂಗು-ಗಂಟಲಿನ ಸ್ವ್ಯಾಬ್ ನೆಗೆಟಿವ್ ಬಂತು ಅಂದರೆ ವೈರಸ್ ಇಲ್ಲ ಅಂತ ಅಲ್ಲ. ಕಾಯಿಲೆ ಕೆಳಗೆ ಶ್ವಾಸಕೋಶಕ್ಕೆ ಇಳಿದ ಮೇಲೆ ಮೂಗಿನಲ್ಲಿ ವೈರಸ್ ಕಮ್ಮಿಯಾಗಿರಬಹುದು. 2020ರಲ್ಲಿ ಚೀನಾದಿಂದ ಬಂದ ಒಂದು ವರದಿಯಲ್ಲಿ ಕೋವಿಡ್ ರೋಗಿಗಳ ಮೂಗಿನ ಸ್ಯಾಂಪಲ್‌ಗಳಲ್ಲಿ 63 ಪರ್ಸೆಂಟ್, ಕಫದಲ್ಲಿ 72, ಶ್ವಾಸಕೋಶ ತೊಳೆದ ನೀರಿನಲ್ಲಿ 93 ಪರ್ಸೆಂಟ್ ಪಾಸಿಟಿವ್ ಇತ್ತು. ತೊಳೆದ ನೀರಿನ ಸ್ಯಾಂಪಲ್ ಇದ್ದದ್ದು ಬರೀ 15. ಅದೇನೇ ಇರಲಿ, ಕೆಳಗಿನ ಸ್ಯಾಂಪಲ್ಲಿಗೆ ಬೆಲೆ ಜಾಸ್ತಿ ಅನ್ನುವುದು ಎಚ್1ಎನ್1 ಕಾಲದಿಂದಲೂ ನಮಗೆ ಗೊತ್ತು.

ಆದರೆ ಕೆಳಗಿನ ಸ್ಯಾಂಪಲ್ ಅಂದ ತಕ್ಷಣ ಸ್ಕೋಪೇ ಆಗಬೇಕಿಲ್ಲ. ರೋಗಿಗೆ ಟ್ಯೂಬ್ ಹಾಕಿದ್ದರೆ ಮುಚ್ಚಿದ ಸಕ್ಷನ್‌ನಿಂದ ಕಫ ತೆಗೆದು ಪಿಸಿಆರ್, ಗ್ರಾಂ ಸ್ಟೇನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ನೋಡುವುದು), ಕಲ್ಚರ್, ಟಿಬಿಗೆ ಸಿಬಿನಾಟ್ ಅಥವಾ ಟ್ರೂನಾಟ್ ಕಳಿಸಿ. ಸ್ಕೋಪ್ ಇಲ್ಲದೆ, ಸಣ್ಣ ಕ್ಯಾಥೆಟರ್ ಒಳಗೆ ಬಿಟ್ಟು 20 ಮಿ.ಲೀ. ಸಲೈನ್ ಹಾಕಿ ಎಳೆಯುವ ಮಿನಿ-ಬಾಲ್ ಕೂಡ ಇದೆ. ಹತ್ತರಲ್ಲಿ ಏಳೆಂಟು ಸಲ ಇಷ್ಟಕ್ಕೇ ನನ್ನ ಕೆಲಸ ಆಗಿದೆ. ಫ್ಲೂ ಅನುಮಾನ ಇದ್ದರೆ ಫ್ಲೂ ಔಷಧಿ ಒಸೆಲ್ಟಾಮಿವಿರ್ ಆಗಲೇ ಶುರು ಮಾಡಿ, ರಿಪೋರ್ಟಿಗೆ ಕಾಯಬೇಡಿ.

ಹಾಗಾದರೆ ಯಾವಾಗ ಬೇಕು?

ಮೊದಲನೆಯದು, ಎಕ್ಸ್‌ರೇಯಲ್ಲಿ ಒಂದು ಲೋಬ್ (ಶ್ವಾಸಕೋಶದ ಒಂದು ಭಾಗ) ಅಥವಾ ಒಂದು ಕಡೆಯ ಶ್ವಾಸಕೋಶ ಪೂರ್ತಿ ಬೆಳ್ಳಗಾಗಿ ಕುಸಿದಾಗ. ಆಗಲೂ ಮೊದಲು ಫಿಸಿಯೋಥೆರಪಿ, ಮಗ್ಗುಲು ತಿರುಗಿಸುವುದು, 3 ಪರ್ಸೆಂಟ್ ಸಲೈನ್ ನೆಬ್ಯುಲೈಸೇಶನ್, ಸಕ್ಷನ್. ಕೆಲವು ಗಂಟೆ ಇದನ್ನೆಲ್ಲ ಮಾಡಿಯೂ ತೆರೆಯದಿದ್ದರೆ ಸ್ಕೋಪ್. ಸ್ಯಾಚುರೇಶನ್ ದಡಕ್ಕನೆ ಬಿದ್ದಿದ್ದರೆ ಕಾಯಬೇಡಿ. ಇಲ್ಲಿ ಸ್ಕೋಪ್ ಪರೀಕ್ಷೆಯಲ್ಲ, ಚಿಕಿತ್ಸೆ. ಗಟ್ಟಿ ಹೊರಬಂದ ಕೂಡಲೇ ಮಾನಿಟರ್‌ನಲ್ಲಿ ನಂಬರ್ ಏರುವುದನ್ನು ನೋಡುವ ಖುಷಿಯೇ ಬೇರೆ.

ಎರಡನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು: ಫಂಗಸ್. ಫ್ಲೂ ಬಂದು ಐಸಿಯು ಸೇರಿದವರ ಮೇಲೆ ನೆದರ್ಲೆಂಡ್ಸ್-ಬೆಲ್ಜಿಯಂನಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 19 ಪರ್ಸೆಂಟ್ ಜನರಿಗೆ ಆಸ್ಪರ್ಜಿಲಸ್ ಸೋಂಕು ಅಂಟಿತ್ತು. ಅದೂ ಬಹುತೇಕ ಐಸಿಯು ಸೇರಿದ ಮೊದಲ ಕೆಲವೇ ದಿನಗಳಲ್ಲಿ. ವೈರಸ್ ಶ್ವಾಸನಾಳದ ಒಳಪದರವನ್ನು ಸುಲಿದುಹಾಕುತ್ತದೆ. ಮೇಲಿಂದ ನಾವು ಸ್ಟಿರಾಯ್ಡ್ ಕೊಟ್ಟಿರುತ್ತೇವೆ. ನಮ್ಮ ಕಡೆ ಸಕ್ಕರೆ ಕಾಯಿಲೆ ಇರುವವರು ಎಷ್ಟು ಮಂದಿ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? 2021ರಲ್ಲಿ ಕಪ್ಪು ಫಂಗಸ್ ಎಲ್ಲವನ್ನೂ ಕಲಿಸಿ ಹೋಯಿತು.

ಈ ಆಸ್ಪರ್ಜಿಲಸ್ ಕೆಲವೊಮ್ಮೆ ಶ್ವಾಸಕೋಶಕ್ಕೆ ಇಳಿಯುವ ಮೊದಲು ಶ್ವಾಸನಾಳದ ಗೋಡೆಗೇ ಅಂಟಿಕೊಳ್ಳುತ್ತದೆ. ಬಿಳಿ ಅಥವಾ ಬೂದು ಬಣ್ಣದ ಪೊರೆ, ಕೆಳಗೆ ಹುಣ್ಣು. ಸಿಟಿ ಸ್ಕ್ಯಾನಿನಲ್ಲಿ ಇದು ಕಾಣದೇ ಹೋಗಬಹುದು. ಕಣ್ಣಿಂದ ನೋಡಿದರೇ ಗೊತ್ತಾಗುವುದು. ಹಾಗಾಗಿ ಫ್ಲೂ ಅಥವಾ ಕೋವಿಡ್ ರೋಗಿ ಸುಧಾರಿಸುತ್ತಿದ್ದವರು ಮತ್ತೆ ಕೆಟ್ಟರೆ, ಹೊಸದಾಗಿ ಉಬ್ಬಸ ಶುರುವಾದರೆ, ಟ್ಯೂಬಿನಲ್ಲಿ ರಕ್ತ ಕಂಡರೆ, ಆಂಟಿಬಯಾಟಿಕ್‌ಗೆ ಜಗ್ಗದಿದ್ದರೆ ಸ್ಕೋಪ್ ಹಾಕಲು ಅದು ಗಟ್ಟಿ ಕಾರಣ.

ಉಳಿದವು: ಎಚ್‌ಐವಿ, ಕ್ಯಾನ್ಸರ್ ಔಷಧಿ, ಕಿಡ್ನಿ ಕಸಿ ಇರುವವರಲ್ಲಿ ನ್ಯುಮೋಸಿಸ್ಟಿಸ್ ಫಂಗಸ್, ಸಿಎಂವಿ ವೈರಸ್ ಹುಡುಕಲು, ಕಫದಲ್ಲಿ ಟಿಬಿ ಸಿಗದೆ ಅನುಮಾನ ಮಾತ್ರ ಉಳಿದಾಗ, ರಕ್ತ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು, ಕಷ್ಟದ ಟ್ಯೂಬ್ ಹಾಕಲು, ಹಾಸಿಗೆ ಪಕ್ಕದಲ್ಲೇ ಟ್ರೇಕಿಯೋಸ್ಟಮಿ (ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿನ ದಾರಿ) ಮಾಡುವಾಗ ಸೂಜಿ ಸರಿಯಾದ ಜಾಗಕ್ಕೆ ಬಂತಾ ನೋಡಲು.

ಇದ್ಯಾವುದೂ ಇಲ್ಲದೆ 'ವೈರಸ್ ಯಾವುದು ನೋಡೋಣ' ಅಂತ ಮಾತ್ರ ಹಾಕುವುದಾದರೆ ಬೇಡ. ಸಿಕ್ಕ ಉತ್ತರದಿಂದ ಇವತ್ತಿನ ಔಷಧಿ ಚೀಟಿಯಲ್ಲಿ ಒಂದು ಸಾಲೂ ಬದಲಾಗದಿದ್ದರೆ ರೋಗಿಯ ಆಕ್ಸಿಜನ್ ಯಾಕೆ ಪಣಕ್ಕಿಡಬೇಕು?

ತಡೆಯಬೇಕಾದ ಸಂದರ್ಭ

ಪಿ-ಎಫ್ ಅನುಪಾತ (ಕೊಟ್ಟ ಆಕ್ಸಿಜನ್‌ಗೆ ಹೋಲಿಸಿದರೆ ರಕ್ತ ಸೇರಿದ್ದು ಎಷ್ಟು ಅನ್ನುವ ಲೆಕ್ಕ) 100ಕ್ಕಿಂತ ಕೆಳಗೆ, ಪೀಪ್ (ಉಸಿರು ಬಿಟ್ಟ ಮೇಲೂ ಗಾಳಿಚೀಲ ಮುಚ್ಚದಂತೆ ವೆಂಟಿಲೇಟರ್ ಉಳಿಸುವ ಒತ್ತಡ) 15ರ ಹತ್ತಿರ ಇದ್ದರೆ ಜೀವ ಉಳಿಸುವ ಕಾರಣ ಇದ್ದರಷ್ಟೇ ಮುಂದುವರಿಯಿರಿ. ಬಿಪಿ ನಿಲ್ಲದವರು, ಹೃದಯದ ಲಯ ತಪ್ಪಿದವರು, ಕಳೆದ ನಾಲ್ಕು ವಾರದಲ್ಲಿ ಹಾರ್ಟ್ ಅಟ್ಯಾಕ್ ಆದವರು, ತಲೆಯೊಳಗಿನ ಒತ್ತಡ ಏರಿದವರು, ಜೋರು ಉಬ್ಬಸದಲ್ಲಿರುವವರಿಗೂ ಇದೇ ಮಾತು. ಪ್ಲೇಟ್‌ಲೆಟ್ 20 ಸಾವಿರದ ಮೇಲಿದ್ದರೆ ತೊಳೆದು ನೀರು ತೆಗೆಯಬಹುದು. ವೆಂಟಿಲೇಟರ್ ಮೇಲಿರುವ ವೈರಲ್ ನ್ಯುಮೋನಿಯಾ ರೋಗಿಯ ಶ್ವಾಸಕೋಶದಿಂದ ತುಣುಕು ಕೀಳುವ ಆಸೆ ಮಾತ್ರ ಬಿಟ್ಟುಬಿಡಿ. ಗಾಳಿ ಸೋರಿ ನ್ಯುಮೋಥೊರಾಕ್ಸ್ ಆದರೆ ನಡುರಾತ್ರಿ ಅದನ್ನು ನಿಭಾಯಿಸುವುದು ಸುಲಭವಲ್ಲ.

ಟ್ಯೂಬ್ ಹಾಕದ, ಎಚ್‌ಎಫ್‌ಎನ್‌ಸಿ (ಮೂಗಿನ ನಳಿಗೆಯಿಂದ ಜೋರಾಗಿ ಆಕ್ಸಿಜನ್) ಅಥವಾ ಬೈಪ್ಯಾಪ್ (ಮಾಸ್ಕಿನಿಂದ ಉಸಿರಿನ ಆಸರೆ) ಮೇಲಿರುವವರ ವಿಷಯ ಇನ್ನೂ ಸೂಕ್ಷ್ಮ. ಪುಸ್ತಕದ ಪ್ರಕಾರ ಮಾಡಬಹುದು. ನನ್ನ ಮಟ್ಟಿಗೆ, ಪಿ-ಎಫ್ 150ಕ್ಕಿಂತ ಕೆಳಗಿದ್ದರೆ ಮೊದಲು ಟ್ಯೂಬ್, ಆಮೇಲೆ ಸ್ಕೋಪ್. ಅದಕ್ಕಿಂತ ಮೇಲಿದ್ದರೂ ಟ್ಯೂಬ್ ಹಾಕುವ ಟ್ರೇ ತೆರೆದು ಪಕ್ಕದಲ್ಲಿರಲಿ.

ಟ್ಯೂಬಿನ ಲೆಕ್ಕ

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ವರ್ಷಗಳ ಹಿಂದೆ, ಆಗ ನಾನಿದ್ದ ಒಂದು ಆಸ್ಪತ್ರೆಯಲ್ಲಿ, ಬೇರೆಡೆಯಿಂದ ಬಂದ ರೋಗಿಗೆ 7 ನಂಬರ್ ಟ್ಯೂಬ್ ಇತ್ತು. ನಾನು ಅದನ್ನು ನೋಡಲೇ ಇಲ್ಲ. ದಪ್ಪನೆಯ ಸ್ಕೋಪ್ ಒಳಗೆ ಬಿಟ್ಟೆ. ವೆಂಟಿಲೇಟರ್ ಕೂಗಿಕೊಂಡಿತು, ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಒಂದೇ ನಿಮಿಷದಲ್ಲಿ ಸ್ಯಾಚುರೇಶನ್ 70. ಸ್ಕೋಪ್ ಹೊರಗೆಳೆದು ಬ್ಯಾಗ್ ಒತ್ತಿ ರೋಗಿಯನ್ನು ವಾಪಸ್ ತಂದೆವು. ಆವತ್ತಿನಿಂದ ಟ್ಯೂಬಿನ ನಂಬರ್ ಬಾಯಿಬಿಟ್ಟು ಓದದೆ ಸ್ಕೋಪ್ ಮುಟ್ಟುವುದಿಲ್ಲ.

ಲೆಕ್ಕ ಹೀಗಿದೆ. ಟ್ಯೂಬಿನ ನಂಬರ್ ಅಂದರೆ ಅದರ ಒಳಗಿನ ಅಗಲ, ಮಿ.ಮೀ. ಲೆಕ್ಕದಲ್ಲಿ. 5.7 ಮಿ.ಮೀ. ದಪ್ಪದ ಸ್ಕೋಪ್ 9 ನಂಬರ್ ಟ್ಯೂಬಿನ 40 ಪರ್ಸೆಂಟ್ ಜಾಗ ತಿನ್ನುತ್ತದೆ. 8 ನಂಬರಿನಲ್ಲಿ 51 ಪರ್ಸೆಂಟ್. 7 ನಂಬರಿನಲ್ಲಿ 66 ಪರ್ಸೆಂಟ್, ಅಂದರೆ ಉಸಿರಾಡಲು ಉಳಿದದ್ದು ಮೂರರಲ್ಲಿ ಒಂದು ಪಾಲು. ಟ್ಯೂಬಿನ ಒಳಗಿನ ಅಗಲ ಸ್ಕೋಪಿಗಿಂತ ಕನಿಷ್ಠ 2 ಮಿ.ಮೀ. ಜಾಸ್ತಿ ಇರಬೇಕು. ಟ್ಯೂಬ್ ಚಿಕ್ಕದಿದ್ದರೆ 4 ಮಿ.ಮೀ. ಆಸುಪಾಸಿನ ಸಣ್ಣ ಸ್ಕೋಪ್ ತನ್ನಿ. ಸಣ್ಣ ಸ್ಕೋಪಿನಲ್ಲಿ ಸಕ್ಷನ್ ದಾರಿಯೂ ಸಣ್ಣ, ಗಟ್ಟಿ ಕಫ ಎಳೆಯುವುದಿಲ್ಲ. ಕಫ ತೆಗೆಯಲೆಂದೇ ಹೋಗುತ್ತಿದ್ದರೆ ಟ್ಯೂಬ್ ಬದಲಾಯಿಸುವ ಯೋಚನೆ ಮೊದಲೇ ಮಾಡಿ. ಇನ್ನು, ಈ ಕಾಯಿಲೆಯವರಿಗೆ ಮೊದಲ ಟ್ಯೂಬ್ ಹಾಕುವ ತಾಲೂಕು ಆಸ್ಪತ್ರೆಯವರಿಗೆ ಒಂದು ಬೇಡಿಕೆ: ದೊಡ್ಡವರಿಗೆ ಆದಷ್ಟು 8 ನಂಬರ್ ಹಾಕಿ ಕಳಿಸಿ.

ಮನೆಯವರ ಜೊತೆ ಮಾತು

ಆಳಂದ, ಚಿಂಚೋಳಿ, ಶಹಾಪುರ ಕಡೆಯಿಂದ ಬಂದವರು ಹೊರಗೆ ವರಾಂಡದಲ್ಲಿ ಚಾದರ ಹಾಸಿ ಕೂತಿರುತ್ತಾರೆ. ಸಹಿ ಬೇಕು ಅಂದರೆ ಕೇಳುವ ಮೊದಲ ಮಾತು, "ಪೈಪ್ ಹಾಕಿದ್ರ ಜೀವ ಹೋಗ್ತದಂತಲ್ರೀ ಸಾಹೇಬ್ರ?" ಅವರಿಗೆ ಸೋಲಾಪುರಕ್ಕೋ ಹೈದರಾಬಾದಿಗೋ ಒಯ್ಯಬೇಕಾ ಅನ್ನುವ ಗೊಂದಲ ಬೇರೆ ಇರುತ್ತದೆ.

ನಿಂತು ಮಾತಾಡಬೇಡಿ, ಕೂತು ಮಾತಾಡಿ. ನಾನು ಹೇಳುವುದು ಇಷ್ಟು: "ಅಣ್ಣಾರ, ಜೀವ ಹೋಗೋ ಪೈಪ್ ಅಲ್ಲ ಇದು. ತುದಿಗೆ ಸಣ್ಣ ಕ್ಯಾಮೆರಾ ಅದ. ಈಗಿರೋ ಟ್ಯೂಬಿನೊಳಗೇ ಬಿಡ್ತೀವಿ. ಕಫ ಕಟ್ಟಿದ್ದು ತೆಗೀತೀವಿ, ಸ್ವಲ್ಪ ನೀರು ತೊಳೆದು ಪರೀಕ್ಷೆಗೆ ಕಳಿಸ್ತೀವಿ. ಆಕ್ಸಿಜನ್ ಸ್ವಲ್ಪ ಹೊತ್ತು ಕಮ್ಮಿ ಆಗಬಹುದು. ಬಹಳ ಕಮ್ಮಿ ಆದ್ರ ಅಲ್ಲಿಗೇ ನಿಲ್ಲಿಸ್ತೀವಿ." ಕೆಟ್ಟದ್ದೂ ಆಗಬಹುದು ಅನ್ನುವುದನ್ನು ಮುಚ್ಚಿಡಬೇಡಿ. ದಖನಿ ಉರ್ದು, ಮರಾಠಿ, ತೆಲುಗು ಮಾತಾಡುವ ಮನೆಯವರಿದ್ದರೆ ಆ ಭಾಷೆ ಬರುವ ಸಿಸ್ಟರ್ ಜೊತೆಗಿರಲಿ. ಅರ್ಥವಾಗದೆ ಹಾಕಿದ ಹೆಬ್ಬೆಟ್ಟಿನಿಂದ ಯಾರಿಗೂ ಉಪಯೋಗವಿಲ್ಲ.

ಕೋಣೆ, ಜನ, ಸಾಮಾನು

ಗಾಳಿಯನ್ನು ಹೊರಗೆಳೆಯುವ ನೆಗೆಟಿವ್ ಪ್ರೆಶರ್ ಕೋಣೆ ಇದ್ದರೆ ಅಲ್ಲಿಯೇ ಮಾಡಿ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಹನಿಗಳು 99 ಪರ್ಸೆಂಟ್ ಹೋಗಲು 23 ನಿಮಿಷ ಬೇಕು. 6 ಸಲ ಮಾತ್ರ ಬದಲಾದರೆ 46 ನಿಮಿಷ. ಅಂಥ ಕೋಣೆ ಇಲ್ಲದಿದ್ದರೆ ಬಾಗಿಲು ಮುಚ್ಚುವ ಪ್ರತ್ಯೇಕ ಕೋಣೆ, ಹೊರಗೆ ತೆರೆಯುವ ಕಿಟಕಿ, ಹೊರಕ್ಕೆ ಗಾಳಿ ತಳ್ಳುವ ಎಕ್ಸಾಸ್ಟ್ ಫ್ಯಾನ್. ಬೇರೆ ರೋಗಿಗಳಿರುವ ಹಾಲ್‌ನ ಎಸಿ ಗಾಳಿಯಲ್ಲಿ ಮಾಡಬೇಡಿ.

ಒಳಗೆ ನಾಲ್ಕೇ ಜನ: ಸ್ಕೋಪ್ ಹಿಡಿದವರು, ವೆಂಟಿಲೇಟರ್ ಮತ್ತು ಔಷಧಿ ನೋಡುವವರು, ಸಹಾಯಕ ಸಿಸ್ಟರ್, ಟೆಕ್ನಿಷಿಯನ್. ನೋಡಲು ಬಂದ ವಿದ್ಯಾರ್ಥಿಗಳು ಹೊರಗೆ. ಎಲ್ಲರಿಗೂ ಎನ್95, ಕನ್ನಡಕ ಅಥವಾ ಫೇಸ್ ಶೀಲ್ಡ್, ಗೌನ್, ಎರಡು ಜೊತೆ ಗ್ಲೌಸ್. ಬಾಗಿಲು ಮುಚ್ಚುವ ಮೊದಲೇ ಸಾಮಾನು ಎಣಿಸಿಕೊಳ್ಳಿ: ರಬ್ಬರ್ ತೂತಿರುವ ಸ್ವಿವೆಲ್ ಕನೆಕ್ಟರ್, ಬೈಟ್ ಬ್ಲಾಕ್, ಜೆಲ್, 20 ಮಿ.ಲೀ. ಸಿರಿಂಜುಗಳು, ಸಲೈನ್, ಕಫದ ಟ್ರ್ಯಾಪ್, ಸ್ಯಾಂಪಲ್ ಡಬ್ಬಿ, ತಣ್ಣನೆಯ ಸಲೈನ್, ಆಂಬು ಬ್ಯಾಗ್, ಹೊಸ ಟ್ಯೂಬ್. ಬೈಟ್ ಬ್ಲಾಕ್ ಮರೆತು ಲಕ್ಷಗಟ್ಟಲೆಯ ಸ್ಕೋಪನ್ನು ರೋಗಿ ಕಚ್ಚಿದ ಕಥೆ ಎಲ್ಲ ಊರಿನಲ್ಲೂ ಇದೆ. ಕರೆಂಟ್ ಹೋದರೆ ಮಾನಿಟರ್ ಯಾವ ಸಾಕೆಟ್ಟಿನಲ್ಲಿ ಉಳಿಯುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ.

ವೆಂಟಿಲೇಟರ್ ಮತ್ತು ಔಷಧಿ

ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಹೋಗುವ ನಳಿಗೆ) ಫೀಡ್ 4 ಗಂಟೆ ಮೊದಲು ನಿಲ್ಲಿಸಿ, ಹೊಟ್ಟೆಯಲ್ಲಿ ಉಳಿದದ್ದನ್ನು ಎಳೆದುಬಿಡಿ. ಆಕ್ಸಿಜನ್ 100 ಪರ್ಸೆಂಟ್‌ಗೆ ಏರಿಸಿ ಹತ್ತು ನಿಮಿಷ ಬಿಡಿ. ವೆಂಟಿಲೇಟರ್ ವಾಲ್ಯೂಮ್ ಕಂಟ್ರೋಲ್‌ನಲ್ಲಿರಲಿ, ಅಂದರೆ ಪ್ರತಿ ಉಸಿರಿಗೂ ಇಷ್ಟೇ ಗಾಳಿ ಅಂತ ನಿಗದಿ. ಪ್ರೆಶರ್ ಅಲಾರಂ ಮಿತಿ ಏರಿಸಿ, ಇಲ್ಲವಾದರೆ ಸ್ಕೋಪ್ ಒಳಹೋದ ಕೂಡಲೇ ಯಂತ್ರ ಉಸಿರನ್ನೇ ಅರ್ಧಕ್ಕೆ ಕಡಿಯುತ್ತದೆ. ಪೀಕ್ ಪ್ರೆಶರ್ ನೋಡಿ ಗಾಬರಿಯಾಗಬೇಡಿ, ಅದು ಟ್ಯೂಬಿನೊಳಗಿನ ಇಕ್ಕಟ್ಟಿನದು. ಕಣ್ಣಿಡಬೇಕಾದದ್ದು ಹೊರಬರುವ ಉಸಿರಿನ ಪ್ರಮಾಣದ ಮೇಲೆ.

ಪೀಪ್ ಬಗ್ಗೆ ಎರಡು ಅಭಿಪ್ರಾಯ ಇವೆ. ಸ್ಕೋಪ್ ಇದ್ದಾಗ ಉಸಿರು ಪೂರ್ತಿ ಹೊರಬರದೆ ಒಳಗೇ ಒತ್ತಡ ಕೂಡುತ್ತದೆ, ಹಾಗಾಗಿ ಪೀಪ್ ಅರ್ಧ ಮಾಡಿ ಅನ್ನುವವರಿದ್ದಾರೆ. ನಾನು ಮೊದಲೇ ಇಳಿಸುವುದಿಲ್ಲ. ಹೊರಬರುವ ಉಸಿರು ಕಮ್ಮಿಯಾಗಿ ಬಿಪಿ ಬಿದ್ದರೆ ಆಗ ಇಳಿಸುತ್ತೇನೆ. ಕಷ್ಟಪಟ್ಟು ತೆರೆದ ಗಾಳಿಚೀಲಗಳು ಪೀಪ್ ಇಳಿದ ಕ್ಷಣದಲ್ಲಿ ಮುಚ್ಚಿಕೊಳ್ಳುತ್ತವೆ.

ನೋವು ಕಮ್ಮಿ ಮಾಡಿ ಮಂಪರು ತರಿಸಲು ಫೆಂಟನಿಲ್ ಜೊತೆಗೆ ಮಿಡಾಜೋಲಾಂ ಅಥವಾ ಪ್ರೊಪೊಫಾಲ್, ಬಿಪಿ ಕಮ್ಮಿ ಇದ್ದರೆ ಕೆಟಮಿನ್. ಆಮೇಲೆ ಅಟ್ರಾಕ್ಯೂರಿಯಂ. ವೈರಲ್ ಕೇಸಿನಲ್ಲಿ ಸ್ನಾಯು ಸಡಿಲಿಸುವ ಔಷಧಿ ಬಿಡಬೇಡಿ. ಕೆಮ್ಮು ನಿಂತರೆ ಹನಿಗಳು ಹಾರುವುದಿಲ್ಲ, ರೋಗಿಗೂ ಹಿಂಸೆಯಿಲ್ಲ.

ಒಳಗೆ

ವೆಂಟಿಲೇಟರ್ ತಡೆಹಿಡಿದು, ಟ್ಯೂಬನ್ನು ಕ್ಲಾಂಪ್ ಮಾಡಿ, ಸ್ವಿವೆಲ್ ಜೋಡಿಸಿ, ಮತ್ತೆ ಶುರು ಮಾಡಿ. ಸ್ಕೋಪಿಗೆ ಜೆಲ್ ಸವರಿ ರಬ್ಬರ್ ತೂತಿನಿಂದ ಬಿಡಿ. ಟ್ಯೂಬಿನ ತುದಿ ಕರೈನಾದಿಂದ (ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ) 3ರಿಂದ 5 ಸೆಂ.ಮೀ. ಮೇಲಿದೆಯೇ ನೋಡಿ. ದಾರಿಯಲ್ಲೇ ಶ್ವಾಸನಾಳದ ಗೋಡೆ ನೋಡುತ್ತ ಹೋಗಿ, ನಾನು ಹೇಳಿದ ಬಿಳಿ ಪೊರೆ ಇರುವುದು ಇಲ್ಲೇ. ಅವಸರದಲ್ಲಿ ಕೆಳಗೆ ಧುಮುಕಿದವರಿಗೆ ಅದು ಕಾಣುವುದಿಲ್ಲ.

ಚೆನ್ನಾಗಿರುವ ಕಡೆ ಮೊದಲು, ಕೆಟ್ಟ ಕಡೆ ಆಮೇಲೆ. ಬಲಗಡೆ ಮೇಲಿನ ಲೋಬ್ ಬೇಗನೆ ಸಿಗುತ್ತದೆ, ಆಮೇಲೆ ಮಧ್ಯದ್ದು, ಕೆಳಗಿನದು. ಎಡಗಡೆ ದಾರಿ ಉದ್ದ, ಸುಮಾರು 5 ಸೆಂ.ಮೀ. ಸಕ್ಷನ್ ಒತ್ತಿ ಹಿಡಿಯಬೇಡಿ. ಎರಡು ಮೂರು ಸೆಕೆಂಡ್ ಒತ್ತಿ, ಬಿಡಿ. ಸಕ್ಷನ್ ಕಫದ ಜೊತೆ ರೋಗಿಯ ಉಸಿರನ್ನೂ ಪೀಪನ್ನೂ ಎಳೆಯುತ್ತದೆ. ಸ್ಯಾಚುರೇಶನ್ 88ಕ್ಕೆ ಇಳಿದರೆ ಸ್ಕೋಪ್ ಪೂರ್ತಿ ಹೊರಗೆ. 'ಇನ್ನೊಂದೇ ಸ್ವಲ್ಪ' ಅನ್ನುವ ಮಾತು ಬೇಡ. ನಂಬರ್ ಜೋರಾಗಿ ಹೇಳುವ ಕೆಲಸ ಸಿಸ್ಟರದ್ದು. ಅವರು 'ಸಾಕು ಸರ್' ಅಂದರೆ ಸಾಕು.

ರಕ್ತ ಬಂದರೆ ತಣ್ಣನೆಯ ಸಲೈನ್ 5-10 ಮಿ.ಲೀ. ಬಿಟ್ಟು, ಸ್ಕೋಪಿನ ತುದಿಯನ್ನು ಆ ಬಾಯಿಗೆ ಒತ್ತಿ ಹಿಡಿದು ಕಾಯಿರಿ. ರಕ್ತ ಬರುವ ಕಡೆಯನ್ನು ಕೆಳಗೆ ಮಾಡಿ ಮಲಗಿಸಿ.

ತೊಳೆದು ನೀರು ತೆಗೆಯುವುದು

ಎರಡೂ ಕಡೆ ಒಂದೇ ರೀತಿ ಕಾಯಿಲೆ ಇದ್ದರೆ ಬಲ ಮಧ್ಯ ಲೋಬ್ ಅಥವಾ ಎಡದ ಲಿಂಗುಲಾ (ಎಡ ಮೇಲಿನ ಲೋಬಿನ ಕೆಳಭಾಗ) ಆರಿಸಿ, ಮಲಗಿದ ರೋಗಿಯಲ್ಲಿ ಇಲ್ಲಿಂದ ನೀರು ಚೆನ್ನಾಗಿ ವಾಪಸ್ ಬರುತ್ತದೆ. ಸಿಟಿಯಲ್ಲಿ ಒಂದೇ ಜಾಗ ಕೆಟ್ಟಿದ್ದರೆ ಅಲ್ಲಿಗೇ ಹೋಗಿ. ಅಲ್ಲಿಯ ತನಕ ಸಕ್ಷನ್ ಆದಷ್ಟು ಬೇಡ, ಮೇಲಿನ ಕಫ ಸ್ಕೋಪಿನ ದಾರಿಗೆ ಸೇರಿ ಸ್ಯಾಂಪಲ್ ಕೆಡುತ್ತದೆ. ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಕೂಡ ಕೈ ಬಿಗಿಹಿಡಿದು ಹಾಕಿ, ಅದು ಬ್ಯಾಕ್ಟೀರಿಯಾ ಬೆಳೆಯಲು ಬಿಡುವುದಿಲ್ಲ.

ಸ್ಕೋಪಿನ ತುದಿಯನ್ನು ಸಣ್ಣ ಕವಲಿನ ಬಾಯಿಗೆ ಬಿರಡೆಯಂತೆ ಕೂರಿಸಿ. ಸಾಮಾನ್ಯ ರೋಗಿಯಲ್ಲಿ 100ರಿಂದ 300 ಮಿ.ಲೀ. ಸಲೈನ್ ಬಿಡುತ್ತಾರೆ. ನಮ್ಮ ಈ ರೋಗಿಗೆ ಅಷ್ಟು ಬೇಡ. 20 ಮಿ.ಲೀ.ನಂತೆ ಮೂರು ಸಲ, ತಡೆದುಕೊಂಡರೆ ಐದು ಸಲ. ಮೆಲ್ಲಗೆ ಎಳೆಯಿರಿ, ಸಕ್ಷನ್ 100 ಎಂಎಂ ಪಾದರಸಕ್ಕಿಂತ ಕೆಳಗಿರಲಿ. ಜೋರಾಗಿ ಎಳೆದರೆ ಗೋಡೆ ಮುಚ್ಚಿಕೊಂಡು ನೀರು ಒಳಗೇ ಉಳಿಯುತ್ತದೆ. ಮೊದಲ ಸಿರಿಂಜಿನ ನೀರನ್ನು ಬೇರೆ ಇಡಿ. ಹಾಕಿದ್ದರ ಮೂರನೇ ಒಂದು ಪಾಲು ವಾಪಸ್ ಬಂದರೆ ಒಳ್ಳೆಯದು. ಪರೀಕ್ಷೆಗಳಿಗೆ ಕಡೇಪಕ್ಷ 5 ಮಿ.ಲೀ. ಬೇಕು.

ಡಬ್ಬಿ ಸ್ಟೆರೈಲ್ ಇರಬೇಕು. ಅದರಲ್ಲಿ ಫಾರ್ಮಲಿನ್ ಇರಲೇಬಾರದು, ಈ ತಪ್ಪು ಇವತ್ತಿಗೂ ನಡೆಯುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಚಹಾ ಕುಡಿಯಲು ಹೋಗಬೇಡಿ. ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ, ಹೊರಗೆ ಅರ್ಧ ಗಂಟೆ ಇಟ್ಟರೆ ಒಂದು ಬ್ಯಾಕ್ಟೀರಿಯಾ ಸಾವಿರ ಆಗಿರುತ್ತದೆ ಅಂತ ಹುಡುಗರಿಗೆ ತಮಾಷೆ ಮಾಡುತ್ತೇನೆ. ಅರ್ಧ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಲಿ, ತಡವಾಗುವುದಿದ್ದರೆ 4 ಡಿಗ್ರಿಯಲ್ಲಿಡಿ. ಚೀಟಿಯಲ್ಲಿ ಏನು ಬೇಕು ಅಂತ ಬಿಡಿಸಿ ಬರೆಯಿರಿ: ಗ್ರಾಂ ಸ್ಟೇನ್ ಮತ್ತು ಎಣಿಕೆಯ ಕಲ್ಚರ್, ಫಂಗಸ್ ಸ್ಟೇನ್ ಮತ್ತು ಕಲ್ಚರ್, ಸಿಬಿನಾಟ್, ವೈರಲ್ ಪಿಸಿಆರ್, ಗ್ಯಾಲಕ್ಟೋಮ್ಯಾನನ್ (ಆಸ್ಪರ್ಜಿಲಸ್ ಸುಳಿವು ಕೊಡುವ ಪರೀಕ್ಷೆ).

ರಿಪೋರ್ಟ್ ಓದುವಾಗ ಮೂರು ಮಾತು. ಬ್ಯಾಕ್ಟೀರಿಯಾ ಒಂದು ಮಿ.ಲೀ.ಗೆ 10 ಸಾವಿರ ಅಥವಾ ಅದಕ್ಕಿಂತ ಮೇಲೆ ಬೆಳೆದರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಗ್ಯಾಲಕ್ಟೋಮ್ಯಾನನ್ ಸೂಚ್ಯಂಕ 1 ಅಥವಾ ಮೇಲಿದ್ದು, ರೋಗಿಯ ಸ್ಥಿತಿಯೂ ಅದಕ್ಕೆ ಹೊಂದಿದರೆ ಆಸ್ಪರ್ಜಿಲಸ್‌ಗೆ ಫಂಗಸ್ ಔಷಧಿ ವೊರಿಕೊನಜೋಲ್ ಶುರು ಮಾಡಿ. ಕ್ಯಾಂಡಿಡಾ ಅನ್ನುವ ಫಂಗಸ್ ಬೆಳೆದರೆ ಬಹುತೇಕ ಏನೂ ಮಾಡಬೇಡಿ, ಅದು ಬಾಯಿಯಿಂದ ಇಳಿದು ಬಂದು ಕೂತದ್ದು.

ಆಮೇಲಿನ ಒಂದು ಗಂಟೆ

ಸ್ಕೋಪ್ ಹೊರಬಂದ ಮೇಲೆ ಎಲ್ಲರೂ ಗ್ಲೌಸ್ ಬಿಚ್ಚಿ ಹೊರಡುತ್ತಾರೆ. ಅನಾಹುತ ಆಗುವುದು ಆಗಲೇ. ಇಳಿಸಿದ್ದ ಪೀಪ್ ಮತ್ತೆ ಏರಿಸಿದ್ದೀರಾ? ಅಲಾರಂ ಮಿತಿ ವಾಪಸ್ ಇಟ್ಟಿದ್ದೀರಾ? ಆಕ್ಸಿಜನ್ 100ರಲ್ಲೇ ಅರ್ಧ ಗಂಟೆ ಬಿಟ್ಟು ಮೆಲ್ಲಗೆ ಇಳಿಸಿ. ತೊಳೆದ ನೀರು ಸ್ವಲ್ಪ ಒಳಗೆ ಉಳಿದಿರುತ್ತದೆ, ಸ್ಯಾಚುರೇಶನ್ ಮೊದಲಿನಂತಾಗಲು ಕೆಲವು ಗಂಟೆ ಬೇಕಾಗಬಹುದು. ಅಲ್ಟ್ರಾಸೌಂಡ್ ಇಟ್ಟು ಎರಡೂ ಕಡೆ ಶ್ವಾಸಕೋಶ ಜಾರುತ್ತಿದೆಯೇ ನೋಡಿ, ಒಂದು ಗಂಟೆಗೆ ಎಬಿಜಿ (ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಪರೀಕ್ಷೆ) ತೆಗೆಯಿರಿ. ಅವತ್ತು ರಾತ್ರಿ ಜ್ವರ ಬಂದರೆ ಅದು ಹೊಸ ಸೋಂಕೇ ಆಗಬೇಕಿಲ್ಲ, ತೊಳೆದ ಮೇಲೆ ಜ್ವರ ಬರುವುದು ಮಾಮೂಲು. ಆಂಟಿಬಯಾಟಿಕ್ ಬದಲಾಯಿಸಲು ಓಡಬೇಡಿ.

ಸ್ಕೋಪ್ ತೊಳೆಯುವವರು ಯಾರು?

ಹಾಸಿಗೆ ಪಕ್ಕದಲ್ಲೇ, ಒಣಗುವ ಮೊದಲೇ, ಎಂಜೈಮ್ ದ್ರಾವಣ ಎಳೆದು ಹೊರಮೈ ಒರೆಸಿ. ಆಮೇಲೆ ಲೀಕ್ ಟೆಸ್ಟ್. ಆಮೇಲೆ ಒಳದಾರಿಗೆ ಬ್ರಷ್, ಬ್ರಷ್ ಶುಭ್ರವಾಗಿ ಹೊರಬರುವ ತನಕ. ಕೊಳೆ ಉಳಿದರೆ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ಬಳಿಕ 2 ಪರ್ಸೆಂಟ್ ಗ್ಲುಟರಾಲ್ಡಿಹೈಡ್‌ನಲ್ಲಿ ಕನಿಷ್ಠ 20 ನಿಮಿಷ, ಅಥವಾ 0.55 ಪರ್ಸೆಂಟ್ ಓಪಿಎ ಆದರೆ 12 ನಿಮಿಷ, ಪೂರ್ತಿ ಮುಳುಗಿಸಿ. ಸ್ಟೆರೈಲ್ ನೀರಿನಿಂದ ತೊಳೆದು, 70 ಪರ್ಸೆಂಟ್ ಆಲ್ಕೋಹಾಲ್ ಬಿಟ್ಟು, ಗಾಳಿ ಊದಿ ಒಣಗಿಸಿ. ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಇಡಬೇಡಿ, ಒಳಗೆ ಹನಿ ನೀರು ನಿಂತರೂ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಬೀರುವಿನಲ್ಲಿ ನೇರ ತೂಗುಹಾಕಿ. ತೊಳೆದವರ ಹೆಸರು, ಹೊತ್ತು, ಯಾವ ರೋಗಿಗೆ ಬಳಸಿದ್ದು ಅನ್ನುವುದನ್ನು ಗೋಡೆಯ ಪುಸ್ತಕದಲ್ಲಿ ಬರೆಯಲಿ. ತೊಳೆಯುವವರಿಗೂ ಎನ್95 ಮತ್ತು ಕನ್ನಡಕ ಕೊಡಿ. ಬಹಳ ಕಡೆ ಡಾಕ್ಟರಿಗೆ ಇರುವ ಮಾಸ್ಕ್ ಅವರಿಗಿರುವುದಿಲ್ಲ.